ಅರ್ಧಕ್ಕೆ ಎತ್ತಿದ ಹಗ್ಗ

ನಾವು ಹರಿಹರ ಮುಟ್ಟುವಷ್ಟರಲ್ಲಿ ಹೊಳೆಯ ಮೆಟ್ಟಿಲುಗಳ ಮೇಲೆ ಜನ ತುಂಬಿಹೋಗಿದ್ದರು. ಮುಳುಗಿದವನ ಗೆಳೆಯರಿಬ್ಬರು ಒದ್ದೆ ಚಡ್ಡಿಯಲ್ಲೇ ನಡುಗುತ್ತ ನಿಂತಿದ್ದರು. ಎಲ್ಲಿ ಮುಳುಗಿದ ಎಂದು ಕೇಳಿದರೆ ಒಬ್ಬ ಹಳೆಯ ಸೇತುವೆಯ ಕಡೆ ಕೈ ತೋರಿಸಿದ, ಇನ್ನೊಬ್ಬ ಬಟ್ಟೆ ಒಗೆಯುವ ಬಂಡೆಯ ಕಡೆ. ಯಾವಾಗಲೂ ಹೀಗೆಯೇ ಆಗುತ್ತದೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ, ಗಾಬರಿಯಲ್ಲಿ ನೋಡಿದ್ದು ತಲೆಯಲ್ಲಿ ನಿಲ್ಲುವುದಿಲ್ಲ ಅಷ್ಟೆ. ಇಬ್ಬರನ್ನೂ ಬೇರೆ ಬೇರೆ ಕರೆದುಕೊಂಡು ಹೋಗಿ, ಆಗ ಎಲ್ಲಿ ನಿಂತಿದ್ದರೋ ಅಲ್ಲೇ ನಿಲ್ಲಿಸಿ, ಮತ್ತೆ ಕೇಳಬೇಕು. ಇಬ್ಬರ ಬೆರಳಿನ ಗೆರೆ ಕೂಡುವ ಕಡೆ ನೀರಿನಲ್ಲಿ ಒಂದು ಗುರುತು ಬಿಡಬೇಕು. ನಮ್ಮ ಗುರುತು ಎಂದರೆ ಹಳದಿ ಬಣ್ಣದ ಎಣ್ಣೆ ಕ್ಯಾನು. ಅದರ ಕುತ್ತಿಗೆಗೆ ಹಗ್ಗ, ಹಗ್ಗದ ಇನ್ನೊಂದು ತುದಿಗೆ ಕಲ್ಲು.

ನನ್ನದು ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿ ಕೊಡುವುದು ಹೊಟ್ಟೆಪಾಡು. ಎಂಜಿನ್ ಬಿಚ್ಚಿ ಕೂಡಿಸಲು ಬರುತ್ತದೆಂದು ಒಬ್ಬ ಗಿರಾಕಿ ನನ್ನನ್ನು ಈ ಸ್ವಯಂಸೇವಕರ ತಂಡಕ್ಕೆ ಎಳೆದು ತಂದ. ಬರಬರುತ್ತ ದೋಣಿ ನನ್ನ ಕೈಗೆ ಬಂತು, ಆಮೇಲೆ ತಂಡದ ಹೊಣೆಯೂ ಬಂತು. ವಾಟ್ಸಾಪ್ ಗುಂಪಿನಲ್ಲಿ ಹೆಸರುಗಳು ಬಹಳ ಇವೆ. ಕರೆ ಬಂದಾಗ ಖಾತ್ರಿಯಾಗಿ ಬರುವವರು ನಾವು ಮೂವರು. ಹಗ್ಗದ ಕೆಲಸ ನೋಡುವವರು ಒಂದು ಸರ್ಕಾರಿ ಪ್ರೌಢಶಾಲೆಯ ದೈಹಿಕ ಶಿಕ್ಷಕಿ. ನಾವು ಅವರನ್ನು ಟೀಚರ್ ಎಂದೇ ಕರೆಯುತ್ತೇವೆ. ನೀರಿಗಿಳಿಯುವವನು ಹರಿಹರದ ಒಬ್ಬ ಮೀನುಗಾರ. ಅಗ್ನಿಶಾಮಕ ದಳದವರಿಗೆ ಕೈ ಸಾಲದಾದಾಗ ನಮ್ಮನ್ನು ಕರೆಯುತ್ತಾರೆ. ಅವರ ಅಧಿಕಾರಿ ಹೇಳಿದಂತೆ ನಾವು ಮಾಡುತ್ತೇವೆ. ನಮ್ಮ ಹತ್ತಿರ ಇರುವುದು ಒಂದು ರಬ್ಬರ್ ದೋಣಿ, ಅದಕ್ಕೊಂದು ಎಂಜಿನ್, ಒಂದಿಷ್ಟು ಹಗ್ಗ, ಲೈಫ್ ಜಾಕೆಟ್ಟುಗಳು.

ಮುಳುಗಿದವನು ದಾವಣಗೆರೆಯಲ್ಲಿ ಟೈಲ್ಸ್ ಕೂಡಿಸುವ ಕೆಲಸದವನು. ಭಾನುವಾರ ರಜೆಯೆಂದು ಗೆಳೆಯರ ಜೊತೆ ಈಜಲು ಬಂದಿದ್ದ. ಈಜು ಬರುತ್ತಿತ್ತಂತೆ. ಆದರೆ ಅಲ್ಲಿ ಮರಳು ತೆಗೆದ ತಗ್ಗುಗಳಿವೆ. ಮೊಣಕಾಲುದ್ದದ ನೀರಿನಲ್ಲಿ ನಡೆಯುತ್ತ ಹೋದವನು ಮುಂದಿನ ಹೆಜ್ಜೆಗೆ ತಳವೇ ಸಿಗದೆ ಇಳಿದುಹೋಗುತ್ತಾನೆ.

ಮೊದಲ ಸುತ್ತು ಮುಗಿಸಿ ದಂಡೆಗೆ ಬಂದಾಗ ಅವನ ಅಕ್ಕ ಬಂದಿದ್ದಳು. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಹೆಂಗಸು, ಕೆಲಸದ ನಡುವೆಯೇ ಎದ್ದು ಬಂದಿದ್ದಳು. ಸೀರೆಯ ಅಂಚಿಗೆ ಇನ್ನೂ ಭತ್ತದ ಹೊಟ್ಟು ಹತ್ತಿಕೊಂಡಿತ್ತು. ತಂದೆತಾಯಿ ಹೋದ ಮೇಲೆ ತಮ್ಮನನ್ನು ಕರೆದುಕೊಂಡು ಮಾಯಕೊಂಡದಿಂದ ಪೇಟೆಗೆ ಬಂದು, ಅವನನ್ನು ಬೆಳೆಸಿದವಳು ಆಕೆಯೇ ಎಂದು ಜೊತೆಗಿದ್ದವರು ಹೇಳಿದರು. ಆಕೆ ಅಳುತ್ತಿರಲಿಲ್ಲ. ಮೆಟ್ಟಿಲಿಳಿದು ನೇರ ನನ್ನ ಹತ್ತಿರ ಬಂದಳು.

"ಅಣ್ಣಾರೆ, ಸಿಗ್ತಾನೇನ್ರಿ?"

"ಸಿಗ್ತಾನವ್ವ. ಹೊಳೆ ನಿಧಾನ ಹರಿತೈತೆ. ದೂರ ಹೋಗಿರಲ್ಲ."

"ಸಿಗೋವರ್ಗೂ ಬಿಡಬ್ಯಾಡ್ರಿ."

"ಬಿಡಲ್ಲ."

ಸಿಗುವುದೆಂದರೆ ಹೇಗೆ ಸಿಗುವುದು ಎಂದು ಆಕೆ ಕೇಳಲಿಲ್ಲ, ನಾನೂ ಹೇಳಲಿಲ್ಲ. ಇಬ್ಬರೂ ಒಂದೇ ಮಾತನ್ನು ಬೇರೆ ಬೇರೆ ಅರ್ಥದಲ್ಲಿ ಆಡಿದೆವು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ.

ಹುಡುಕುವ ಕೆಲಸ ನೋಡುವವರಿಗೆ ಬೇಸರ ತರಿಸುವಂಥದ್ದು. ಬಾವಿಯಲ್ಲಿ ಬಿದ್ದ ಕೊಡ ತೆಗೆಯುವ ಪಾತಾಳಗರಡಿಯಂಥದ್ದೇ ಕೊಕ್ಕೆಗಳ ಗೊಂಚಲನ್ನು ಹಗ್ಗಕ್ಕೆ ಕಟ್ಟಿ ದೋಣಿಯ ಹಿಂದೆ ತಳಕ್ಕೆ ಬಿಡಬೇಕು. ಎಂಜಿನ್ ಅನ್ನು ಉಸಿರಾಡಿದಷ್ಟೇ ಮೆಲ್ಲಗೆ ಓಡಿಸುತ್ತ ಈ ದಂಡೆಯಿಂದ ಆ ದಂಡೆಗೆ ಗೆರೆ ಎಳೆದಂತೆ ಹೋಗಬೇಕು. ಅಲ್ಲಿಂದ ಒಂದು ಮಾರು ಕೆಳಗೆ ಸರಿದು ಮತ್ತೆ ವಾಪಸ್ಸು. ಹಗ್ಗ ಟೀಚರ್ ಕೈಯಲ್ಲಿರುತ್ತದೆ. ಕಲ್ಲಿಗೆ ತಗುಲಿದರೆ ಹೇಗೆ ಎಳೆಯುತ್ತದೆ, ಬಲೆಗೆ ತಗುಲಿದರೆ ಹೇಗೆ ಎಳೆಯುತ್ತದೆ ಎಂಬುದು ಅವರ ಅಂಗೈಗೆ ಗೊತ್ತು. ಮೆತ್ತಗೆ ಭಾರವಾಗಿ ಎಳೆದರೆ ಅವರು ಕೈ ಎತ್ತುತ್ತಾರೆ. ನಾನು ಎಂಜಿನ್ ನಿಲ್ಲಿಸುತ್ತೇನೆ, ಮೀನುಗಾರ ಇಳಿಯುತ್ತಾನೆ.

ಹಾಗೆ ಸಿಕ್ಕಿದ್ದು ಮೊದಲು ಒಂದು ಹಳೆಯ ಸೀರೆಯ ಗಂಟು. ಆಮೇಲೆ ಹೊಳೆಗೆ ಬಿಟ್ಟ ಗಣಪತಿಯ ಕಟ್ಟಿಗೆ ಚೌಕಟ್ಟು, ಲಾರಿಯ ಟೈರು, ಹರಿದ ಬಲೆ. ಟೀಚರ್ ಕೈ ಎತ್ತಿದಾಗಲೆಲ್ಲ ಮೆಟ್ಟಿಲ ಮೇಲೆ ಕೂತಿದ್ದ ಅಕ್ಕ ಎದ್ದು ನಿಲ್ಲುತ್ತಿದ್ದಳು. ಏನೂ ಅಲ್ಲವೆಂದು ಗೊತ್ತಾದಾಗ ಕೂರುತ್ತಿದ್ದಳು. ಹೀಗೆ ನಾಲ್ಕಾರು ಸಲ ಆದ ಮೇಲೆ ಟೀಚರ್ ಕೈ ಎತ್ತುವುದನ್ನೇ ಬಿಟ್ಟರು. ದಂಡೆಗೆ ಬೆನ್ನು ಮಾಡಿ ಕೂತು, ಕಾಲಿನಿಂದ ನನ್ನ ಕಾಲನ್ನು ಮೆಲ್ಲಗೆ ತಟ್ಟುತ್ತಿದ್ದರು. ಆಮೇಲಿನ ಹುಡುಕಾಟವೆಲ್ಲ ಆ ಸನ್ನೆಯಲ್ಲೇ ನಡೆಯಿತು.

ಕತ್ತಲಾಗುವ ಹೊತ್ತಿಗೆ ನಿಲ್ಲಿಸಿ, ಮಾರನೆಯ ಬೆಳಿಗ್ಗೆ ಮತ್ತೆ ಹೋದೆವು. ಅಂದು ಒಂದು ಬಂಡೆಗೆ ಬಡಿದು ಎಂಜಿನ್ನಿನ ತುದಿಯಲ್ಲಿ ನೀರು ತಳ್ಳುವ ಫ್ಯಾನಿನ ಪಿನ್ನು ಮುರಿಯಿತು. ಗಿಯರ್ ಹಾಳಾಗದಿರಲಿ ಎಂದು ತಾನೇ ಮುರಿಯುವಂತೆ ಮಾಡಿದ ಪುಟ್ಟ ಪಿನ್ನು ಅದು. ನಡುಹೊಳೆಯಲ್ಲಿ ಎಂಜಿನ್ ಎತ್ತಿ, ಹೊಸದು ಹಾಕಿದೆ. ದಿನವಿಡೀ ಹುಡುಕಿ ಏನೂ ಸಿಗಲಿಲ್ಲ. ಸಂಜೆ ಮನೆಗೆ ಹೋದರೆ ಭುಜ ಮೇಲೆತ್ತಲು ಆಗುತ್ತಿರಲಿಲ್ಲ. ಹೆಂಡತಿ ತಟ್ಟೆ ಮುಂದಿಟ್ಟು, "ಕುಚ್ ಖಾಯೇ ಕ್ಯಾ ದಿನ್ ಭರ್?" ಎಂದು ಕೇಳಿದಳು. ದಿನವಿಡೀ ಏನು ತಿಂದಿದ್ದೆನೆಂದು ನೆನಪಾಗಲಿಲ್ಲ. ಅಂಗಡಿಯ ಮುಂದೆ ಗಿರಾಕಿಗಳು ಇಳಿಸಿಹೋದ ಮೋಟಾರುಗಳು ಹಾಗೇ ಬಿದ್ದಿವೆ ಎಂದೂ ಹೇಳಿದಳು. ಬೈಯಲಿಲ್ಲ. ಬೈದಿದ್ದರೆ ಜಗಳವಾಡಲಾದರೂ ಒಂದು ಕಾರಣ ಸಿಗುತ್ತಿತ್ತು.

ಮರುದಿನ ಬೆಳಿಗ್ಗೆ ಹೊಳೆಯ ಬಣ್ಣ ಬದಲಾಗಿತ್ತು. ಹಿಂದಿನ ದಿನ ಹಸಿರಾಗಿದ್ದ ನೀರು ಚಹಾದಂತೆ ಕೆಂಪಗಾಗಿತ್ತು. ಮೇಲೆ ಘಟ್ಟದ ಕಡೆ ಮಳೆ ಹಿಡಿದಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಅಣೆಕಟ್ಟೆಯಿಂದ ನೀರು ಬಿಡಬಹುದೆಂದು ಹೊಳೆಸಾಲಿನ ಊರುಗಳಿಗೆ ಡಂಗುರ ಸಾರಿಸಿದ್ದರು. ಅಗ್ನಿಶಾಮಕ ದಳದ ಸ್ವಂತ ದೋಣಿ ಬೆಳಗ್ಗೆಯೇ ಹೊನ್ನಾಳಿ ಕಡೆಗೆ ಹೋಗಿತ್ತು. ಅವರ ಅಧಿಕಾರಿ ದಂಡೆಯ ಮೇಲೆ ನಿಂತು, "ಮಧ್ಯಾಹ್ನದ ಮಟ ನೋಡ್ರಿ, ಆಮೇಲೆ ನಾನು ಯಾರನ್ನೂ ಇಳಿಸಲ್ಲ" ಎಂದರು.

ಅಕ್ಕ ಅದೇ ಮೆಟ್ಟಿಲ ಮೇಲಿದ್ದಳು. ರಾತ್ರಿ ಸಂಬಂಧಿಕರ ಮನೆಗೆ ಹೋಗಿ ನಸುಕಿನಲ್ಲೇ ಬಂದಿದ್ದಳಂತೆ.

ನಾವು ಹುಡುಕುವ ಜಾಗವನ್ನು ಸ್ವಲ್ಪ ಕೆಳಕ್ಕೆ ಸರಿಸಿದೆವು. ತಣ್ಣನೆಯ ನೀರಿನಲ್ಲಿ ಮುಳುಗಿದ ದೇಹ ಸಾಮಾನ್ಯವಾಗಿ ತಳಕ್ಕೆ ಹೋಗಿ ಅಲ್ಲಲ್ಲೇ ಇರುತ್ತದೆ. ಒಳಗೆ ಗಾಳಿ ತುಂಬಿದ ಮೇಲೆ ತಾನಾಗಿ ಏಳುತ್ತದೆ. ಆದರೆ ನೀರಿನ ಎಳೆತ ಹೆಚ್ಚಿದರೆ ಈ ಲೆಕ್ಕವೆಲ್ಲ ತಪ್ಪುತ್ತದೆ. ಸೇತುವೆಯ ಒಂದು ಕಂಬದ ಕೆಳಗೆ ದೊಡ್ಡ ತಗ್ಗಿದೆ. ಅಲ್ಲಿ ಹಾಯುವಾಗ ಟೀಚರ್ ಕಾಲು ನನ್ನ ಕಾಲಿಗೆ ತಾಗಿತು. ಹಗ್ಗ ಮೆತ್ತಗೆ, ಭಾರವಾಗಿ ಎಳೆಯುತ್ತಿತ್ತು.

ಮೀನುಗಾರ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಬಹಳ ಹೊತ್ತು ಬರಲಿಲ್ಲ. ಬಂದವನು ದೋಣಿಯ ಅಂಚು ಹಿಡಿದು ಕೆಮ್ಮಿದ.

"ಬಟ್ಟೆ ಐತೆ ಭಾಯ್. ತಗ್ಗಿನ ಒಳಗೆ, ಕಲ್ಲಿನ ಸಂದಿಗೆ. ಕೈಗೆ ಸಿಕ್ಕಂಗಾತು, ಮತ್ತೆ ಜಾರ್ತು. ಉಸಿರು ಸಾಲ್ಲಿಲ್ಲ."

"ಬಟ್ಟೆ ಅಂದ್ರೆ? ಒಳಗೆ ಏನಾದ್ರೂ ಐತಾ?"

"ಹೇಳಾಕಾಗಲ್ಲ. ಕಣ್ಣಿಗೆ ಏನೂ ಕಾಣ್ಸಲ್ಲ ಕೆಳಗೆ. ಗಟ್ಟಿ ಇತ್ತು, ಅಷ್ಟು ಗೊತ್ತು."

ಕಂಬಕ್ಕೆ ದೋಣಿ ಕಟ್ಟಿ, ಎರಡನೇ ಹಗ್ಗ ಬಿಚ್ಚುತ್ತಿದ್ದೆವು. ದಂಡೆಯಿಂದ ಸೀಟಿ ಕೇಳಿಸಿತು. ಅಧಿಕಾರಿ ಎರಡೂ ಕೈ ಬೀಸಿ ಕರೆಯುತ್ತಿದ್ದರು. ಮೀನುಗಾರನಿಗೆ ಕಂಬದ ಹತ್ತಿರವೇ ಗುರುತಿನ ಕ್ಯಾನು ಕಟ್ಟಲು ಹೇಳಿ, ಅವನನ್ನು ಮೇಲೆಳೆದುಕೊಂಡು, ದಂಡೆಯ ಹತ್ತಿರ ದೋಣಿ ತಂದೆ. ಅಧಿಕಾರಿ ಮೊಣಕಾಲ ಮಟ್ಟ ನೀರಿಗಿಳಿದು ಬಂದು, ಮೆಟ್ಟಿಲ ಮೇಲಿನವರಿಗೆ ಕೇಳಿಸದಂತೆ ಮಾತಾಡಿದರು.

"ನಂದಿಗುಡಿ ಆಚೆ ಹೊಳೆ ದಂಡೆಲಿ ಪಂಪ್‌ಹೌಸ್ ಮೇಲೆ ಮೂರು ಜನ ಸಿಕ್ಕಾಕ್ಕೊಂಡಾರೆ. ಮೋಟ್ರು ಬಿಚ್ಚಾಕೆ ಹೋಗಿದ್ರಂತೆ. ಸುತ್ತ ನೀರು ಬಂದೈತೆ, ಏರ್ತಾ ಐತೆ. ನಮ್ಮ ಬೋಟು ಹೊನ್ನಾಳಿಯಿಂದ ಬರಾಕೆ ಸಂಜೆ ಆಗ್ತೈತೆ."

ನಾನು ಕಂಬದ ಕಡೆ ನೋಡಿದೆ. ಅವರೂ ನೋಡಿದರು.

"ಆ ನೀರೇ ಇಲ್ಲಿಗೂ ಬರ್ತೈತೆ," ಎಂದರು. "ಬಂದ ಮೇಲೆ ಇಲ್ಲಿ ಕೆಲಸ ಬಂದ್. ಗೊತ್ತೈತೆ ನನಗೆ. ನೀವು ಸ್ವಯಂಸೇವಕರು, ಇದನ್ನ ಬಿಟ್ಟು ಅದಕ್ಕೆ ಹೋಗ್ರಿ ಅಂತ ಆರ್ಡರ್ ಮಾಡಾಕೆ ನನಗೆ ಬಾಯಿ ಬರಲ್ಲ. ಬೋಟು ನಿಮ್ದು. ನೀವು ಹೇಳ್ರಿ."

ಅವರು ಆರ್ಡರ್ ಮಾಡಿದ್ದರೆ ಎಷ್ಟು ಹಗುರವಾಗಿರುತ್ತಿತ್ತು.

ಮೀನುಗಾರ ನನ್ನ ತೋಳು ಹಿಡಿದ. "ಒಂದೇ ಒಂದು ಮುಳುಗು ಭಾಯ್. ಜಾಗ ಗೊತ್ತೈತಲ್ಲ ಈಗ. ಬೇಕಾರೆ ನೀವು ಹೋಗ್ರಿ, ನಾನು ತೆಪ್ಪ ತಗಂಡು ನೋಡ್ತೀನಿ."

ಆ ಒಂದು ಮುಳುಗಿಗೆ ಏನೇನು ಬೇಕು ಎಂದು ನನಗೆ ಗೊತ್ತಿತ್ತು. ದೋಣಿ ಮತ್ತೆ ಕಂಬಕ್ಕೆ ಕಟ್ಟಬೇಕು, ಕಲ್ಲಿನ ಸಂದಿಯಿಂದ ಬಿಡಿಸಬೇಕು, ಬಿಡಿಸಲು ಒಂದು ಮುಳುಗಿನಲ್ಲಿ ಆಗದಿದ್ದರೆ ಇನ್ನೊಂದು. ಇನ್ನೊಂದು ಎನ್ನುವುದಕ್ಕೆ ಕೊನೆ ಇರುವುದಿಲ್ಲ. ತೆಪ್ಪದಲ್ಲಿ ಒಬ್ಬನೇ, ಮೇಲೆ ಹಗ್ಗ ಹಿಡಿಯುವವರಿಲ್ಲದೆ, ಏರುವ ನೀರಿನಲ್ಲಿ ಆ ತಗ್ಗಿಗೆ ಇಳಿದರೆ ಸಂಜೆಗೆ ಹುಡುಕಬೇಕಾದವರು ಇಬ್ಬರಾಗುತ್ತಾರೆ. ಅದೂ ಅಲ್ಲದೆ ನಂದಿಗುಡಿಯಲ್ಲಿ ನೀರಿಗಿಳಿಯುವವನು ಬೇಕಾಗಬಹುದು, ಇದ್ದವನು ಅವನೊಬ್ಬನೇ.

ಟೀಚರ್ ನನ್ನ ಮುಖವನ್ನೇ ನೋಡುತ್ತಿದ್ದರು.

"ಕೊಕ್ಕೆ ಹಗ್ಗ ಎಳೀರಿ," ಎಂದೆ. "ಎಲ್ಲಾ ಮೇಲಕ್ಕೆ ಎತ್ತಿ."

ಅಕ್ಕನಿಗೆ ಯಾರೂ ಹೇಳಬೇಕಾಗಲಿಲ್ಲ. ದೋಣಿ ದಂಡೆಗೆ ಬಂದು, ನಾನು ಎಂಜಿನ್ನಿನ ಬೋಲ್ಟು ಬಿಚ್ಚುವುದನ್ನು ನೋಡಿಯೇ ಆಕೆಗೆ ತಿಳಿಯಿತು. ಬಂದು ದೋಣಿಯ ಮೂತಿಗೆ ಕಟ್ಟಿದ್ದ ಹಗ್ಗ ಹಿಡಿದಳು.

"ಎಲ್ಲಿಗೆ?"

"ನಂದಿಗುಡಿ ಹತ್ರ ಮೂರು ಜನ ಸಿಕ್ಕಾಕ್ಕೊಂಡಾರವ್ವ. ಹೋಗಲೇಬೇಕು. ಜೀವ ಐತೆ ಅವರಿಗೆ."

ಆಕೆ ನನ್ನನ್ನು ನೋಡಿದ ರೀತಿಯಿಂದ ನಾನು ಏನು ಹೇಳಿದೆನೆಂದು ನನಗೆ ಗೊತ್ತಾಯಿತು.

"ಹಂಗಾರೆ ನನ್ನ ತಮ್ಮಗಿಲ್ಲ ಅಂತೀರಿ."

ಇಷ್ಟು ಹೊತ್ತು ಆ ಮಾತನ್ನು ಯಾರೂ ಆಡಿರಲಿಲ್ಲ. ಪೊಲೀಸರು ಆಡಿರಲಿಲ್ಲ, ಸಂಬಂಧಿಕರು ಆಡಿರಲಿಲ್ಲ. ಆಡಿದವನು ನಾನೇ ಆದೆ, ಅದೂ ಬೋಲ್ಟು ಬಿಚ್ಚುತ್ತ, ಹೊರಡುವ ಅವಸರದಲ್ಲಿ.

"ಸಿಗೋವರ್ಗೂ ಬಿಡಲ್ಲ ಅಂದಿದ್ರಿ."

"ಅಂದಿದ್ದೆನವ್ವ."

"ಮತ್ತೆ?"

ಆಕೆ ಹಗ್ಗವನ್ನು ಮುಂಗೈಗೆ ಒಂದು ಸುತ್ತು ಸುತ್ತಿಕೊಂಡಳು. ಟೀಚರ್ ಅವಳ ಮುಂದೆ ಮೊಣಕಾಲೂರಿ ಕೂತು ಆ ಸುತ್ತು ಬಿಡಿಸಿದರು, ಆಮೇಲೆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಆಕೆ ಜಗ್ಗಾಡಲಿಲ್ಲ, ಬೈಯಲಿಲ್ಲ. ಕೊನೆಯ ಬೆರಳು ಬಿಟ್ಟ ಮೇಲೆ ಕೈಯನ್ನು ಹಾಗೇ ಮುಂದಕ್ಕೆ ಚಾಚಿಕೊಂಡು ನಿಂತಿದ್ದಳು. ನಾವು ದೋಣಿಯ ಗಾಳಿ ಬಿಟ್ಟು, ಅದನ್ನು ನಮ್ಮ ಗೂಡ್ಸ್ ವ್ಯಾನಿಗೆ ಏರಿಸಿದೆವು.

ದಾರಿಯ ಎರಡೂ ಕಡೆ ಭತ್ತದ ಗದ್ದೆಗಳು, ನಾಟಿ ಮುಗಿದು ಹಸಿರು ಹಿಡಿಯುತ್ತಿದ್ದವು. ನಂದಿಗುಡಿ ದಾಟಿ ಹೊಳೆಯ ಕಡೆ ತಿರುಗಿದ ಮೇಲೆ ಆ ಹಸಿರು ಕಾಣದಾಯಿತು, ನೀರು ಮಾತ್ರ ಉಳಿಯಿತು. ರಸ್ತೆ ಒಂದು ಕಡೆ ನೀರಿನೊಳಗೆ ಇಳಿದು ಮಾಯವಾಗುವಲ್ಲಿ ಊರಿನವರು ಸೇರಿದ್ದರು. ಅಲ್ಲಿಂದ ನೋಡಿದರೆ ಪಂಪ್‌ಹೌಸಿನ ತಾರಸಿ, ಅದರ ಮೇಲೆ ಮೂರು ಆಕೃತಿ. ಒಬ್ಬ ಮುದುಕ, ಅವನ ಮಗ, ಮತ್ತು ಇಬ್ಬರಿಗೂ ಬುತ್ತಿ ಕೊಡಲು ಹೋಗಿ ಅಲ್ಲೇ ಸಿಕ್ಕಿಕೊಂಡ ಸೊಸೆ.

ಊರಿನವರು ಕೂಡಲೇ ದೋಣಿ ಬಿಡಿ ಎಂದು ಕೂಗುತ್ತಿದ್ದರು. ನನ್ನ ಕಣ್ಣು ತಂತಿಯ ಮೇಲಿತ್ತು. ಪಂಪ್‌ಹೌಸಿಗೆ ಹೋಗುವ ಕರೆಂಟಿನ ಕಂಬ ವಾಲಿ, ತಂತಿ ನೀರಿಗೆ ತಾಗುವಷ್ಟು ಜೋತುಬಿದ್ದಿತ್ತು. ನನ್ನ ಕಸುಬು ಕರೆಂಟಿನದು. ನೋಡಿಯೂ ನೋಡದಂತೆ ಹೋಗಲಾರೆ. ಅಲ್ಲಿದ್ದ ಲೈನ್‌ಮನ್, "ಲೈನ್ ಆಫ್ ಮಾಡ್ಸಿದೀನಿ, ಹೋಗ್ರಿ" ಎಂದ.

"ಟ್ರಾನ್ಸ್‌ಫಾರ್ಮರ್ ಹತ್ರ ಹೋಗಿ ಇಳಿಸಿದೀರಾ, ಫೋನಾಗೆ ಹೇಳೀರಾ?"

"ಫೋನಾಗೆ ಹೇಳೀನಿ. ಮಾಡಿರ್ತಾರೆ."

"ನೀವೇ ಹೋಗಿ ಫ್ಯೂಸ್ ಕಿತ್ತು ಬರ್ರಿ. ಅಲ್ಲೀವರ್ಗೂ ನಾನು ದೋಣಿ ನೀರಿಗಿಳಿಸಲ್ಲ."

ಜನ ನನ್ನ ಮೇಲೆ ರೇಗಿದರು. ಮೂರು ಜೀವ ಹೋಗ್ತಾವೆ, ನಿಮಗೆ ಫ್ಯೂಸಿನ ಚಿಂತೆ ಎಂದು ಒಬ್ಬರು ಬೈದರು. ಲೈನ್‌ಮನ್ ಬೈಕಿನಲ್ಲಿ ಹೋಗಿ, ಟ್ರಾನ್ಸ್‌ಫಾರ್ಮರಿನ ಫ್ಯೂಸುಗಳನ್ನು ಕಿತ್ತು, ಕೈಯಲ್ಲಿ ಹಿಡಿದುಕೊಂಡೇ ಬಂದು ತೋರಿಸಿದ. ಅದಕ್ಕೆ ಹಿಡಿದ ಸಮಯದಲ್ಲಿ ನಾವು ದೋಣಿಗೆ ಗಾಳಿ ತುಂಬಿ ಎಂಜಿನ್ ಕೂಡಿಸಿದೆವು. ಆ ಸಮಯ ಪೂರ್ತಿ ನನ್ನ ತಲೆಯಲ್ಲಿ ಓಡುತ್ತಿದ್ದುದು ಒಂದೇ: ಇಷ್ಟು ಹೊತ್ತು ಕಾಯುವುದಿದ್ದರೆ ಅಲ್ಲಿ ಆ ಒಂದು ಮುಳುಗನ್ನು ಮುಗಿಸಬಹುದಿತ್ತು.

ಮೊದಲ ಸಲ ಕೆಟ್ಟದಾಗಿ ಹೋಯಿತು. ಮೇಲಿನಿಂದ ಓರೆಯಾಗಿ ಹೊಳೆಯ ಸೆಳವಿನ ಜೊತೆ ಇಳಿದು ತಾರಸಿಗೆ ತಾಗಬೇಕೆಂದಿದ್ದೆ. ನೀರಿನಡಿ ಯಾರದೋ ಗದ್ದೆಯ ತಂತಿಬೇಲಿ ಇತ್ತು. ಫ್ಯಾನು ತಂತಿಗೆ ತಗುಲಿ ಪಿನ್ನು ಮುರಿಯಿತು. ಎಂಜಿನ್ ಕಿರುಚಿತು, ದೋಣಿ ಅಡ್ಡ ತಿರುಗಿತು. ಪಂಪ್‌ಹೌಸ್ ನಮ್ಮ ಎದುರಿಗೇ ಸರಿದು ಹಿಂದಕ್ಕೆ ಹೋಯಿತು. ಸೊಸೆ ಕೈ ಚಾಚಿದ್ದಳು. ಅವಳ ಬಳೆಗಳು ಕಾಣುವಷ್ಟು ಹತ್ತಿರ. ಟೀಚರ್ ಹಗ್ಗದ ಕುಣಿಕೆಯನ್ನು ಒಂದು ಜಾಲಿಮರಕ್ಕೆ ಎಸೆದು ಹಿಡಿಯದಿದ್ದರೆ ನಾವೂ ಹೊಳೆಯ ಪಾಲಾಗುತ್ತಿದ್ದೆವು. ಮರಕ್ಕೆ ನೇತುಬಿದ್ದ ದೋಣಿಯಲ್ಲಿ ಎಂಜಿನ್ ಎತ್ತಿ, ಹಲ್ಲಿನಲ್ಲಿ ಪಿನ್ನು ಕಚ್ಚಿಕೊಂಡು, ಫ್ಯಾನಿಗೆ ಸುತ್ತಿದ್ದ ತಂತಿ ಕತ್ತರಿಸಿ, ಪಿನ್ನು ಹಾಕಿದೆ. ಪಿನ್ನು ತೂತಿಗೆ ಹೋಗಲು ಬಹಳ ಸತಾಯಿಸಿತು.

ಎರಡನೇ ಸಲ ಕೆಳಗಿನಿಂದ, ಸೆಳವಿಗೆ ಎದುರಾಗಿ ಏರಿದೆ. ಪಂಪ್‌ಹೌಸಿನ ಬೆನ್ನಿಗೆ ಸ್ವಲ್ಪ ತೆಪ್ಪಗಿನ ನೀರಿತ್ತು, ಕಟ್ಟಡವೇ ಹೊಳೆಯನ್ನು ಸೀಳಿ ಕೊಟ್ಟ ಜಾಗ. ಅಲ್ಲಿ ಮೂತಿ ಒರಗಿಸಿ ಎಂಜಿನ್ನಿನ ಬಲದಲ್ಲೇ ನಿಲ್ಲಿಸಿಕೊಂಡೆ. ಮೀನುಗಾರ ಹತ್ತಿ ಹಗ್ಗ ಕಟ್ಟಿದ. ತಾರಸಿಯ ಮೇಲೆ ಪಾದ ಮುಳುಗುವಷ್ಟು ನೀರು ಹರಿಯುತ್ತಿತ್ತು.

ಆರೂ ಜನರನ್ನು ಒಟ್ಟಿಗೆ ಹೊತ್ತು ಆ ಸೆಳವಿನಲ್ಲಿ ತಿರುಗಿಸುವ ಧೈರ್ಯ ನನಗಿರಲಿಲ್ಲ. ಟೀಚರ್ ನನ್ನನ್ನು ಕೇಳದೆಯೇ ತಾರಸಿಗೆ ಹತ್ತಿದರು. "ಅಜ್ಜನ್ನೂ ಈ ಹೆಣ್ಮಗಳನ್ನೂ ಮೊದ್ಲು ಬಿಟ್ಟು ಬರ್ರಿ. ನಾನು ಇವರ ಜೊತೆ ಇರ್ತೀನಿ" ಎಂದು ಮಗನ ಪಕ್ಕ ನಿಂತರು. ಸೊಸೆಗೆ ತಮ್ಮ ಲೈಫ್ ಜಾಕೆಟ್ಟನ್ನೇ ತೊಡಿಸಿ, ಪಟ್ಟಿ ಬಿಗಿದು ಇಳಿಸಿದರು. ಮುದುಕ ಮಾತ್ರ ಅಲ್ಲಾಡಲಿಲ್ಲ. ಬಿಚ್ಚಿ ಮೇಲೆ ತಂದು ಪೈಪಿಗೆ ಕಟ್ಟಿದ್ದ ಮೋಟಾರಿನ ಮೇಲೆ ಕೈಯಿಟ್ಟು ಕೂತಿದ್ದ.

"ಮೋಟ್ರು ಬಿಟ್ಟು ನಾ ಬರಲ್ಲ."

"ಅಜ್ಜಾರೆ, ನಾನು ಮೋಟ್ರು ವೈಂಡಿಂಗ್ ಮಾಡೋನೇ. ಮುಳುಗಿದ್ದು, ಸುಟ್ಟಿದ್ದು ಎಂಥದಾದ್ರೂ ರಿಪೇರಿ ಆಗ್ತೈತೆ. ಇಳೀರಿ."

ಅವನು ನನ್ನನ್ನು ಅನುಮಾನದಿಂದ ನೋಡಿದ. "ಯಾವ ಅಂಗಡಿ?"

ಆ ನೀರಿನ ನಡುವೆ, ಎಂಜಿನ್ ಹಿಡಿದುಕೊಂಡು, ನನ್ನ ಅಂಗಡಿ ಕೆ.ಬಿ. ಬಡಾವಣೆಯಲ್ಲಿ ಎಲ್ಲಿದೆ ಎಂದು ಕೂಗಿ ಹೇಳಿದೆ. ಮೀನುಗಾರನಿಗೆ ನಗು ಬಂತು. ಆ ದಿನ ನಮ್ಮಲ್ಲಿ ಯಾರಾದರೂ ನಕ್ಕಿದ್ದರೆ ಅದೊಂದೇ ಸಲ. ಮುದುಕ ಎದ್ದು, ಮೋಟಾರಿನ ಕಟ್ಟನ್ನು ಇನ್ನೊಮ್ಮೆ ಬಿಗಿದು, ದೋಣಿಗಿಳಿದ.

ಅವರಿಬ್ಬರನ್ನು ಇಳಿಸಿ ಮತ್ತೆ ಹೋದಾಗ ಟೀಚರ್ ಮತ್ತು ಆ ಮಗ ಮೊಣಕಾಲುದ್ದದ ನೀರಿನಲ್ಲಿ ಪೈಪು ಅಪ್ಪಿಕೊಂಡು ನಿಂತಿದ್ದರು. ಅವರನ್ನು ಹತ್ತಿಸಿಕೊಂಡು ದಂಡೆ ಮುಟ್ಟಿದ ಮೇಲೆ ಕೆಸರಿನಲ್ಲೇ ಕೂತುಬಿಟ್ಟೆ. ಜನ ಚಹಾ ತಂದರು, ಫೋಟೊ ತೆಗೆದರು. ಬೈದಿದ್ದವರೇ ಬಂದು ಕೈ ಮುಗಿದರು. ಸೊಸೆ ವಾಂತಿ ಮಾಡಿಕೊಳ್ಳುತ್ತಿದ್ದಳು. ಯಾರೋ ಮುದುಕಿ ಒಂದು ಪುಟ್ಟ ಹೆಣ್ಣುಮಗುವನ್ನು ತಂದು ಅವಳ ಮಡಿಲಿಗೆ ಹಾಕಿದಳು. ನಾನು ಹರಿಹರಕ್ಕೆ ಫೋನ್ ಮಾಡಿದೆ. ಅಧಿಕಾರಿ, "ಮೆಟ್ಟಿಲು ಮುಳುಗಿದ್ವು. ನಿಮ್ಮ ಕ್ಯಾನೂ ಕಾಣವಲ್ದು" ಎಂದರು.

ಆದರೂ ಮರಳಿ ಹೋಗುವಾಗ ಹರಿಹರದ ಹೊಳೆಯ ಹತ್ತಿರ ನಿಲ್ಲಿಸಿದೆವು. ಅಕ್ಕ ಇರಲಿಲ್ಲ; ಸಂಬಂಧಿಕರು ಕರೆದುಕೊಂಡು ಹೋದರೆಂದು ಪೊಲೀಸರು ಹೇಳಿದರು. ಸೇತುವೆಯ ಕಂಬದ ಸುತ್ತ ನೀರು ಸುಳಿದು ಗರಗರ ತಿರುಗುತ್ತಿತ್ತು. ಮೀನುಗಾರ ಅದನ್ನು ಬಹಳ ಹೊತ್ತು ನೋಡಿದ.

"ಸೀರೆನೇ ಇರ್ಬೇಕು ಬಿಡ್ರಿ ಭಾಯ್," ಎಂದ. "ಗಂಟು ಕಟ್ಟಿ ಬಿಟ್ಟ ಸೀರೆ. ಮೊನ್ನೆನೂ ಹಂಗೇ ಸಿಕ್ಕಿತ್ತಲ್ಲ."

"ಹೌದು," ಎಂದೆ.

ನಂದಿಗುಡಿಯ ಆ ಪಂಪ್‌ಹೌಸ್ ಮಾರನೆಯ ಬೆಳಿಗ್ಗೆ ಇರಲಿಲ್ಲವಂತೆ. ಗೋಡೆ, ಮೋಟಾರು ಎಲ್ಲ ಕೊಚ್ಚಿಕೊಂಡು ಹೋಗಿತ್ತು. ಅದನ್ನು ಕೇಳಿದಾಗ ನನ್ನ ಎದೆಯ ಭಾರ ಇಳಿಯಬೇಕಿತ್ತು. ಮಾಡಿದ ತೀರ್ಮಾನ ಸರಿಯೆಂದು ಅದಕ್ಕಿಂತ ಸ್ಪಷ್ಟವಾಗಿ ಯಾರು ಹೇಳಬೇಕು? ಆದರೆ ನಾನು ಅಂಗಡಿಯಲ್ಲಿ ಕೂತು ತಂತಿ ಸುತ್ತುವಾಗ ಲೆಕ್ಕ ತಪ್ಪಿ, ಬಿಚ್ಚಿ, ಮತ್ತೆ ಸುತ್ತುತ್ತಿದ್ದೆ. ಸರಿ ಮಾಡಿದವನಿಗೂ ನಿದ್ದೆ ಕೆಡುತ್ತದೆ ಎಂದು ನನಗೆ ಮೊದಲು ಗೊತ್ತಿರಲಿಲ್ಲ.

ಹೊಳೆ ಇಳಿಯಲು ಒಂದು ವಾರದ ಮೇಲೆ ಹಿಡಿಯಿತು. ಇಳಿದ ಮೇಲೆ ಆ ತಗ್ಗಿಗೆ ಮತ್ತೆ ಹೋದೆವು. ತಗ್ಗೇ ಇರಲಿಲ್ಲ, ಹೊಸ ಮರಳು ಮುಚ್ಚಿತ್ತು. ಅದಾಗಿ ಕೆಲವು ದಿನಕ್ಕೆ, ಹರಿಹರದಿಂದ ಬಹಳ ಕೆಳಗೆ, ದಂಡೆಯ ಮುಳ್ಳುಪೊದೆಯಲ್ಲಿ ಹುಲ್ಲು ಕೊಯ್ಯಲು ಹೋದವರಿಗೆ ಅವನು ಸಿಕ್ಕ. ಪೊದೆಯಿಂದ ಬಿಡಿಸಿ, ಬಟ್ಟೆ ಸುತ್ತಿ, ಗಾಡಿಯವರೆಗೆ ಹೊತ್ತವರು ನಾವೇ. ಆ ಕೆಲಸದ ಬಗ್ಗೆ ಹೆಚ್ಚು ಬರೆಯಲಾರೆ. ಮೊಣಕೈ ಮೇಲೆ ಟೈಲ್ಸ್ ಕತ್ತರಿಸುವ ಯಂತ್ರದ ಹಳೆಯ ಗಾಯವಿದೆ ಎಂದು ಅಕ್ಕ ಮೊದಲೇ ಹೇಳಿದ್ದಳು. ಅದನ್ನು ನೋಡಿ ತಲೆಯಾಡಿಸಿದಳು. ನನ್ನ ಕಡೆ ನೋಡಲಿಲ್ಲ. ಮಾಯಕೊಂಡದಲ್ಲಿ ಮಣ್ಣು ಮಾಡಿದಾಗ ನಾವು ಮೂವರೂ ಹಿಂದೆ ನಿಂತಿದ್ದು ಬಂದೆವು.

ಕಂಬದ ಬುಡದಲ್ಲಿ ಅಂದು ಕೈಗೆ ಸಿಕ್ಕಿದ್ದು ಅವನೋ ಅಲ್ಲವೋ ಎಂದು ಈಗಲೂ ಗೊತ್ತಿಲ್ಲ. ಗೊತ್ತಾಗುವುದೂ ಇಲ್ಲ.

ಮಳೆಗಾಲ ಮುಗಿದ ಮೇಲೆ ಒಂದು ಮಧ್ಯಾಹ್ನ ಅವನ ಅಕ್ಕ ನನ್ನ ಅಂಗಡಿಗೆ ಬಂದಳು. ಹೇಗೆ ಹುಡುಕಿದಳೋ. ನಾನು ಗಾಬರಿಯಿಂದ ಎದ್ದು ಸ್ಟೂಲ್ ಸರಿಸಿ, "ಕೂಡ್ರವ್ವ" ಎಂದೆ. ಕೂತಳು. ನೀರು ಕೊಟ್ಟರೆ ಕುಡಿದಳು. ಜಗಳಕ್ಕೆ ಬಂದಿರಬಹುದು ಎಂದುಕೊಂಡೆ; ಬಂದಿದ್ದರೆ ಬೈಸಿಕೊಳ್ಳಲು ಸಿದ್ಧನಿದ್ದೆ.

"ಅವತ್ತು ಆ ಮೂರು ಜನ ಉಳಿದ್ರಂತಲ್ಲ."

"ಉಳಿದ್ರವ್ವ."

"ಯಾರ್ಯಾರು?"

ಹೇಳಿದೆ. ಮುದುಕ, ಮಗ, ಸೊಸೆ.

"ಮಕ್ಳು ಅದಾವಾ ಅವಳಿಗೆ?"

"ಒಂದು ಹೆಣ್ಣುಮಗು. ಸಣ್ಣದು. ಅವತ್ತು ಮನೇಲಿ ಅಜ್ಜಿ ಹತ್ರ ಇತ್ತು."

ಆಕೆ ಅಂಗಡಿಯ ಹೊರಗೆ ಹೋಗಿಬರುವ ಆಟೊಗಳನ್ನು ನೋಡುತ್ತಿದ್ದಳು. "ನಿಮ್ಮತ್ರ ಯಾಕ ಒಂದೇ ಬೋಟು?" ಎಂದು ಕೇಳಿದಳು.

ಯಾವ ಯಾವ ಕಚೇರಿಗೆ ಅಲೆದೆವು, ಯಾರು ಕೊಡುತ್ತೇವೆಂದು ಹೇಳಿ ಸುಮ್ಮನಾದರು ಎಂದು ಶುರುಮಾಡಿದೆ. ಅರ್ಧಕ್ಕೆ ನನಗೇ ನಾಚಿಕೆಯಾಗಿ ನಿಲ್ಲಿಸಿದೆ. "ಇನ್ನೊಂದು ಇಲ್ಲವ್ವ" ಎಂದೆ.

ಆಕೆ ಖಾಲಿ ಲೋಟವನ್ನು ಸ್ಟೂಲಿನ ಪಕ್ಕ ಇಟ್ಟಳು. ಆಮೇಲೆ, "ಅವರಿಗೆ ಗೊತ್ತೈತೇನ್ರಿ? ನನ್ನ ತಮ್ಮನ್ನ ಬಿಟ್ಟು ಅವರತ್ರ ಹೋಗಿದ್ರಿ ಅಂತ?"

"ಇಲ್ಲ. ನಾನು ಹೇಳಿಲ್ಲ."

"ಹೇಳಬ್ಯಾಡ್ರಿ."

ನಾನು ಆಕೆಯ ಮುಖ ನೋಡಿದೆ.

"ಆ ಹೆಣ್ಮಗಳು ಹೊಳೆ ದಂಡೆಲೇ ಬಾಳ್ವೆ ಮಾಡ್ಬೇಕಲ್ಲ," ಎಂದಳು. "ದಿನಾ ಬೆಳಗಾದ್ರೆ ಆ ನೀರನ್ನೇ ನೋಡ್ಬೇಕು."

ಎದ್ದು, ಸೆರಗು ಸರಿಮಾಡಿಕೊಂಡು, ಭಟ್ಟಿಗೆ ಹೊತ್ತಾಯಿತೆಂದು ಹೊರಟಳು. ಕ್ಷಮಿಸಿದ್ದೇನೆ ಎಂದು ಆಕೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಟೊ ನಿಲ್ಲುವ ಜಾಗದವರೆಗೆ ಇಬ್ಬರೂ ಒಟ್ಟಿಗೆ ನಡೆದೆವು. ಆಟೊ ಹತ್ತುವಾಗ ಆಕೆ ನನ್ನ ಕೈ ಹಿಡಿದುಕೊಂಡಳು, ಹತ್ತಿ ಕೂತ ಮೇಲೆ ಬಿಟ್ಟಳು.